ಮೂರು ಗಂಟೆಯ ಮಾತ್ರೆ

ಸಿಗಡಿ ತಿಂದರೆ ತುರಿಕೆ ಉಂಟಾ
ಎಂದು ಫಾರ್ಮಿನಲ್ಲಿ ಕೇಳಿದ್ದರು.
ಬರೆದುಕೊಳ್ಳುವ ಹುಡುಗನಿಗೆ ಹೇಳಿದೆ:
ಮಗಾ, ಇಪ್ಪತ್ತೆರಡು ವರ್ಷ ಧಕ್ಕೆಯ ಶೆಡ್ಡಿನಲ್ಲಿ
ಎಟ್ಟಿ ಸುಲಿದ ಕೈ ಇದು.
ತುರಿಸಿದ್ದರೆ ಹೊಟ್ಟೆಗೆ ಎಂತ ತಿನ್ನುತ್ತಿದ್ದೆ?
ಅವನು ಘಟ್ಟದ ಮೇಲಿನವ, ಎಟ್ಟಿ ಎಂದರೆ ತಿಳಿಯಲಿಲ್ಲ.
ಇಲ್ಲ ಎಂಬಲ್ಲಿ ಒಂದು ಗೆರೆ ಎಳೆದ.

ಅದು ಹೋದ ಸಲದ ಮಾತು.

ಹೋದ ಸಲ ಆ ಬಣ್ಣ ನರಕ್ಕೆ ಬಿಟ್ಟಾಗ
(ಬಣ್ಣ ಅನ್ನುತ್ತಾರೆ, ನೋಡಿದರೆ ಬಾವಿಯ ನೀರಿನ ಹಾಗೆ ತಿಳಿ)
ಮೊದಲು ಬಾಯಲ್ಲಿ ತುಕ್ಕು ಹಿಡಿದ ಮೊಳೆಯ ರುಚಿ,
ಆಮೇಲೆ ಎದೆಯಿಂದ ತೊಡೆಗೆ ಇಳಿದ ಬಿಸಿ,
ಅವರು ಕೊಟ್ಟ ಹಸಿರು ಅಂಗಿಯಲ್ಲೇ ಹೋಗಿಬಿಟ್ಟಿತೋ ಎಂಬ ನಾಚಿಕೆ.
ಹೆದರಬೇಡಿ, ಹಾಗೇ ಅನ್ನಿಸುತ್ತದೆ, ಎಂದಿತು ಗೋಡೆಯ ಸ್ಪೀಕರು.
ಅಷ್ಟರಲ್ಲಿ ದದ್ದು. ಕುತ್ತಿಗೆಗೆ, ಹೊಟ್ಟೆಗೆ, ಕಣ್ಣಿನ ರೆಪ್ಪೆಗೆ.
ಗಂಟಲೊಳಗೆ ಯಾರೋ
ಬಲೆಯ ಬಾಯಿ ಎಳೆದು ಕಟ್ಟಿದ ಹಾಗೆ.
ಕೈಗೆ ಕೊಟ್ಟಿದ್ದ ರಬ್ಬರಿನ ಬುಗ್ಗೆ ಒತ್ತಿದೆ, ಒತ್ತಿದೆ.
ಎಷ್ಟು ಜನ ಓಡಿ ಬಂದರೋ ನೆನಪಿಲ್ಲ.
ಒಬ್ಬಳ ಚಪ್ಪಲಿ ಕಳಚಿ ಬಾಗಿಲಲ್ಲೇ ಉಳಿದದ್ದು ನೆನಪುಂಟು.

ಸುದ್ದಿ ನನಗಿಂತ ಮೊದಲಿನ ಫೆರಿ ಹಿಡಿದು ಬೆಂಗರೆ ಮುಟ್ಟಿತ್ತು.
ಓರಗಿತ್ತಿ ಕುಂತಳಾ ತೀರ್ಪು ಕೊಟ್ಟಾಗಿತ್ತು:
ಎಟ್ಟಿಯದ್ದೇ ನಂಜು,
ಇಪ್ಪತ್ತೆರಡು ವರ್ಷದ್ದು ಒಟ್ಟಿಗೇ ಎದ್ದದ್ದು.
ಮೂರು ತಿಂಗಳು ಮನೆಯಲ್ಲಿ ಎಟ್ಟಿ ಇಲ್ಲ.
ಒಣಗಿಸಿಟ್ಟದ್ದು ಡಬ್ಬಿ ಸಮೇತ ನೆರೆಮನೆಗೆ.
ಬಂಗುಡೆ ತಿಂದೆವು, ಬಂಗುಡೆ, ಮತ್ತೆ ಬಂಗುಡೆ.

ಈ ಸಲ ಹೊಸ ಡಾಕ್ಟರಮ್ಮ ಫೈಲಿನ ಕೆಂಪು ಶಾಯಿ ನೋಡಿ,
ನನ್ನ ಮುಖ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡರು.
ಎಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ ಅಮ್ಮ,
ಅದು ಹಳೇ ಕಾಲದ ಫಾರ್ಮು.
ಎಟ್ಟಿ ಎಂದೇ ಅಂದರು. ಉಳ್ಳಾಲದವರಂತೆ.
ನಾನು ಅತ್ತುಬಿಟ್ಟೆ,
ಹೊಟ್ಟೆಯಲ್ಲಿ ಗಡ್ಡೆ ಉಂಟು ಎಂದ ದಿನ ಅಳದವಳು.

ಆಮೇಲೆ ರಕ್ತ ಪರೀಕ್ಷೆ, ಕಿಡ್ನಿ ತಡೆದೀತೋ ಎಂದು.
ಬೇರೆ ಜಾತಿಯ ಬಣ್ಣ. ಜೊತೆಗೊಂದು ಚೀಟಿ:
ರಾತ್ರಿ ಒಂಬತ್ತಕ್ಕೆ ಮಾತ್ರೆ, ಜಾವ ಮೂರಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ.

ಮೂರು ಗಂಟೆ ಎಂದರೆ ನಮ್ಮಲ್ಲಿ ದೋಣಿಯ ಹೊತ್ತು.
ಇವರು ಮೀನಿಗೆ ಹೋಗುತ್ತಿದ್ದಷ್ಟು ವರ್ಷ
ನಾನೆದ್ದು ಚಾ ಕಾಸುತ್ತಿದ್ದೆ. ಮಾತಿಲ್ಲ.
ಕಡಲಿಗೆ ಹೊರಟವರನ್ನು ಮಾತಾಡಿಸಬಾರದು ಎಂದಿದ್ದರು ಅತ್ತೆ.
ಈಗ ಎದ್ದವರು ಇವರು.
ಎರಡು ರಸ್ಕು, ಅರ್ಧ ಲೋಟ ಹಾಲು, ಅಂಗೈಯಲ್ಲಿ ಮಾತ್ರೆ.
ಏನೋ ಹೇಳಹೊರಟೆ.
ತುಟಿಗೆ ಬೆರಳಿಟ್ಟು ತೋರಿಸಿದರು.

ಬೆಳಿಗ್ಗೆ ನರ ಸಿಗಲಿಲ್ಲ.
ಸಿಸ್ಟರ್ ಜೆಸಿಂತಾ ತಟ್ಟಿದಳು, ಉಜ್ಜಿದಳು,
ಬಿಸಿನೀರಿನ ಚೀಲ ಇಟ್ಟಳು, ಮೂರು ಕಡೆ ಚುಚ್ಚಿ ಸೋತಳು.
ಆರು ಕೀಮೋ ಕುಡಿದ ನರ, ಬಿಸಿಲಿಗೆ ಬಿದ್ದ ಹಗ್ಗ.
ಅವಳ ಹಣೆಯಲ್ಲಿ ಬೆವರು ನೋಡಿ ನಾನೇ ಹೇಳಿದೆ:
ಎಟ್ಟಿಯ ಬೆನ್ನಿನ ಕರಿ ನರ ಉಂಟಲ್ಲ ಸಿಸ್ಟರ್,
ಉಗುರ ತುದಿಯಲ್ಲಿ ಒಂದೇ ಎಳೆತ ನನ್ನದು,
ನಿಮಿಷಕ್ಕೆ ಹದಿನೆಂಟು.
ತುಂಡಾದರೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಸೂಪರ್‌ವೈಸರ್.
ನಕ್ಕಳು. ನಕ್ಕಾಗ ಅವಳ ಕೈ ಸಡಿಲಾಯಿತು.
ಮೊಣಕೈಯ ಕೆಳಗೊಂದು ಸಿಕ್ಕಿತು.

ಉಸಿರು ಹಿಡಿಯಿರಿ. ಬಿಡಿ.
ಮತ್ತದೇ ಮೊಳೆ, ಅದೇ ಬಿಸಿ.
ಗಂಟಲಿಗೆ ಕಾದೆ, ಬಾಗಿಲು ತಟ್ಟುವ ಸಾಲಗಾರನಿಗೆ ಕಾದ ಹಾಗೆ.
ಬರಲಿಲ್ಲ. ಮತ್ತೂ ಕಾದೆ.
ಮುಗಿಯಿತು, ಏಳಿ ಅಂದರು.
ಗಂಟೆ ಹೊತ್ತು ಬೆಂಚಿನಲ್ಲಿ ಕೂರಿಸಿ
ನೀರು ಕುಡಿ, ನೀರು ಕುಡಿ ಎಂದು ಕೊಂದರು.

ಫೆರಿಯಲ್ಲಿ ಇವರು ಅಂದದ್ದು ಇಷ್ಟೇ: ಇವತ್ತು ಎಟ್ಟಿ ಏನು ರೇಟೋ.
ಕೇಳಿದೆವು. ತೆಗೆದುಕೊಳ್ಳಲಿಲ್ಲ. ವಿಪರೀತ.

ರಿಪೋರ್ಟು ಗುರುವಾರ.

ಮರುದಿನ ಜಾವ ಮೂರಕ್ಕೆ ಮೊಬೈಲು ಮತ್ತೆ ಕೂಗಿತು,
ಅಲಾರಾಂ ತೆಗೆಯಲು ನಮ್ಮಿಬ್ಬರಿಗೂ ಬರುವುದಿಲ್ಲ.
ಇವರು ಎದ್ದು ಕೂತರು. ಮಾತ್ರೆ ಇಲ್ಲ ಎಂದು ನೆನಪಾಗಿ
ಒಳಗೆ ಹೋಗಿ ರಸ್ಕು ಮಾತ್ರ ತಂದರು.
ಕತ್ತಲಲ್ಲೇ ತಿಂದೆವು.
ಅಳಿವೆಯ ಕಡೆ ಒಂದೊಂದೇ ದೋಣಿ ಹೊರಡುವ ಸದ್ದು.